ಹಳದಿ ಕೊಕ್ಕೆ

“ದೀಪ ಆರಿಸ್ತೀನಿ. ಎಲ್ಲೂ ಕೈ ಇಡಬೇಡಿ ಅಕ್ಕ. ಈ ಎಣ್ಣೆ ಬಟ್ಟೆಗೆ ಹತ್ತಿದ್ರೆ ಜನ್ಮದಲ್ಲಿ ಹೋಗಲ್ಲ.”

ಡಾಕ್ಟ್ರು ಸ್ವಿಚ್ಚು ಒತ್ತಿದಳು. ಕಪ್ಪು ಪರದೆ ಎಳೆದಿದ್ದ ಆ ಪುಟ್ಟ ಕೋಣೆ ಹಾಡಹಗಲಲ್ಲೇ ಗವ್ವೆಂದಿತು.

ಡಾಕ್ಟ್ರು ಎಂದರೆ ರೋಗಿಗಳ ಡಾಕ್ಟರಲ್ಲ. ಮುರಿದ, ಸೀಳಿದ, ಕರಗಿದ ಲೋಹವನ್ನು ಕೊಯ್ದು ಅದರ ಸಾವಿಗೆ ಕಾರಣ ಹೇಳುವುದು ಅವಳ ಕೆಲಸ. ವಿದ್ಯುತ್ ಇಲಾಖೆಯ ಪ್ರಯೋಗಾಲಯಕ್ಕೆಲ್ಲ ಅವಳೊಬ್ಬಳೇ ದಿಕ್ಕು. ಅವತ್ತು ನೆಗಡಿ ಬೇರೆ ಹಿಡಿದಿತ್ತು. ಮೂಗು ಸೊರಸೊರ ಎಳೆಯುತ್ತ ಎದುರಿಗೆ ಬಂದವರ ಮೇಲೆಲ್ಲ ಸಿಡುಕುತ್ತಿದ್ದಳು.

ಸಿಡುಕುವುದರಲ್ಲಿ ಸಂಶಯದಕ್ಕನೂ ಹಿಂದೆ ಬಿದ್ದಿರಲಿಲ್ಲ. ಅವಳ ಬಾಗಿಲ ಮೇಲಿನ ಫಲಕದಲ್ಲಿ ‘ಅಪಘಾತ ತನಿಖಾಧಿಕಾರಿ’ ಎಂದಿತ್ತು. ಆದರೆ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ಸಂಶಯದಕ್ಕನೇ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಈಗ ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಪವರ್‌ಹೌಸಿನ ಟರ್ಬೈನು ಒಡೆದು, ಎಣ್ಣೆ ಹಾಕುವ ಕೆಲಸದವನೊಬ್ಬ ಸತ್ತು, ಆ ಪಾಳಿಯ ಆಪರೇಟರ್ ಪೊಲೀಸ್ ಠಾಣೆ ಸೇರಿದಂದಿನಿಂದ ಅವಳು ಈ ಪ್ರಯೋಗಾಲಯಕ್ಕೆ ಅಲೆಯುತ್ತಲೇ ಇದ್ದಳು. ಆಪರೇಟರ್ ಮಿತಿಮೀರಿ ಬಿಸಿ ಏರಿಸಿದ, ಯಂತ್ರ ತಾಳಲಿಲ್ಲ ಎಂಬುದು ಎಲ್ಲರ ತೀರ್ಮಾನ. ಅವನು ಇಲ್ಲವೆನ್ನುತ್ತಿದ್ದ. ಬಿಸಿ ಎಷ್ಟಿತ್ತೆಂದು ಹೇಳಬೇಕಾದ ಉಪಕರಣ ಬೆಂಕಿಯಲ್ಲಿ ಬೂದಿಯಾಗಿತ್ತು. ಅವನ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳಲು ಉಳಿದಿದ್ದುದು ಅವಶೇಷದಲ್ಲಿ ಸಿಕ್ಕ ಮೂರು ಬ್ಲೇಡುಗಳು ಮಾತ್ರ.

ಅಂಗೈಯುದ್ದದ ಬ್ಲೇಡುಗಳು. ಉರಿಯುವ ಅನಿಲ ಮೊದಲು ಬಂದು ಬಡಿಯುವುದು ಇವುಗಳಿಗೇ. ಮಾಮೂಲಿ ಉಕ್ಕಾದರೆ ಆ ಬಿಸಿಗೆ ಮೇಣದಂತೆ ಬಾಗಿಬಿಡುತ್ತಿತ್ತು. ನಿಕ್ಕಲ್ಲಿಗೆ ಹತ್ತಾರು ಲೋಹಗಳನ್ನು ಅಳೆದು ಬೆರೆಸಿ ಎರಕ ಹೊಯ್ದ ಈ ಮಿಶ್ರಲೋಹ ಮಾತ್ರ ಕೆಂಪಗೆ ಕಾದರೂ ಜಗ್ಗದೆ ತಿರುಗುತ್ತದೆ. ತಿರುಗಬೇಕಿತ್ತು.

ನೇರಳೆ ದೀಪ ಹೊತ್ತಿಕೊಂಡಿತು. ಬ್ಲೇಡಿಗೆ ಸವರಿ ಒರೆಸಿದ್ದ ಎಣ್ಣೆ ಬಿರುಕುಗಳೊಳಗೆ ಮಾತ್ರ ಉಳಿದಿತ್ತು. ಕಗ್ಗತ್ತಲಲ್ಲಿ ಅದು ಹಸಿರಾಗಿ ಮಿನುಗತೊಡಗಿತು.

“ಇದನ್ನೇ ಎಷ್ಟು ಸಲ ನೋಡ್ತೀರಿ?” ಡಾಕ್ಟ್ರು ಗೊಣಗಿದಳು. “ಬಿರುಕು ಅಂದ್ರೆ ಬಿರುಕು. ನೀವು ದಿಟ್ಟಿಸಿ ನೋಡಿದ ಮಾತ್ರಕ್ಕೆ ಅದೇನು ಬಾಯಿ ಬಿಡುತ್ತಾ?”

ಸಂಶಯದಕ್ಕನಿಗೂ ತಲೆ ಕೆಟ್ಟುಹೋಗಿತ್ತು. ನೋಡಿದ್ದನ್ನೇ ನೋಡಿ, ಕೇಳಿದ್ದನ್ನೇ ಕೇಳಿ, ತನಗೆ ಈ ಕೆಲಸ ಬರುತ್ತದೆಯೇ ಎಂಬ ಹಳೆಯ ಅನುಮಾನ ಮತ್ತೆ ಎದ್ದಿತ್ತು. ಬೇರೆಯವರ ಮೇಲೆ ಸಂಶಯ ಪಡುವವಳೆಂದು ಜನ ಹೆಸರಿಟ್ಟಿದ್ದರು. ಅವಳ ಸಂಶಯವೆಲ್ಲ ಹೆಚ್ಚಾಗಿ ತನ್ನ ಮೇಲೆಯೇ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ.

ಚಿಮಟದಲ್ಲಿ ಮೂರನೆಯ ಬ್ಲೇಡನ್ನು ಎತ್ತಿ ತಿರುಗಿಸಿದಳು. ಅದರ ಬುಡ ಮುರಿದುಹೋಗಿದ್ದರಿಂದ ಇಷ್ಟು ದಿನವೂ ಅದನ್ನು ತಲೆಕೆಳಗಾಗಿ ಇಟ್ಟೇ ನೋಡುತ್ತಿದ್ದರು. ಗಾಳಿ ಹರಿಯುವ ಸಣ್ಣ ತೂತುಗಳ ಸಾಲು ಎಡಕ್ಕೆ ಬರುವಂತೆ ಇಟ್ಟಳು. ಉಳಿದೆರಡನ್ನೂ ಹಾಗೆಯೇ ತಿರುಗಿಸಿ ಪಕ್ಕದಲ್ಲಿ ಜೋಡಿಸಿದಳು.

ಡಾಕ್ಟ್ರು ಮೂಗೆಳೆಯುವುದನ್ನು ನಿಲ್ಲಿಸಿದಳು.

ಮೂರರ ಮೇಲೂ ಒಂದೇ ಜಾಗದಲ್ಲಿ ಒಂದೇ ಆಕಾರ. ಮೇಲಿಂದ ಕೆಳಕ್ಕೆ ಒಂದು ಗಿಡ್ಡ ಎಳೆತ, ತಳದಲ್ಲಿ ದುಂಡನೆಯ ತಿರುವು, ಅಲ್ಲಿಂದ ಮೇಲಕ್ಕೆ ಉದ್ದನೆಯ ಬಾಲ. ಕೊಕ್ಕೆಯಂಥ ಗೆರೆ. ಒಂದರಲ್ಲಿ ಬಾಲ ಸ್ವಲ್ಪ ತುಂಡಾಗಿತ್ತು, ಅಷ್ಟೇ.

“ಬಿರುಕಿಗೆ ಕೈಬರಹ ಇರುತ್ತೇನಮ್ಮ?” ಸಂಶಯದಕ್ಕ ಮೆಲ್ಲಗೆ ಕೇಳಿದಳು.

“ಇರಲ್ಲ.”

“ಮತ್ತೆ?”

ಡಾಕ್ಟ್ರು ದೀಪ ಹಾಕಿ, ಒಂದು ಬ್ಲೇಡನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಪಕ್ಕದ ಕೋಣೆಯ ದೊಡ್ಡ ಸೂಕ್ಷ್ಮದರ್ಶಕದತ್ತ ನಡೆದಳು. ಆ ಯಂತ್ರಕ್ಕೆ ಬಿರುಕಿನ ಬಾಯಿಗೆ ಅಂಟಿಕೊಂಡದ್ದು ಯಾವ ಧಾತುವೆಂದು ಗುರುತಿಸುವ ಕಣ್ಣೂ ಇತ್ತು. ಇಷ್ಟು ದಿನ ಬಿರುಕಿನ ತುದಿಯನ್ನೇ ಪರೀಕ್ಷಿಸುತ್ತಿದ್ದವರು ಅದು ಶುರುವಾದ ಬಾಯಿಯನ್ನು ಬಿಟ್ಟೇಬಿಟ್ಟಿದ್ದರು. ಪರದೆಯ ಮೇಲೆ ಆ ಧಾತುವಿನ ಹೆಸರು ಮೂಡಿದಾಗ ಡಾಕ್ಟ್ರು ತನಗೆ ತಾನೇ ಬೈದುಕೊಂಡಳು.

ಸೀಸ.

ನಿಕ್ಕಲ್ ಮಿಶ್ರಲೋಹಕ್ಕೆ ಸೀಸವೆಂದರೆ ವಿಷ ಎಂದು ಅವಳು ವಿವರಿಸಿದಳು. ತಣ್ಣಗಿರುವಾಗ ಏನೂ ಮಾಡದು. ಬ್ಲೇಡು ಕಾದೊಡನೆ ಕರಗಿ, ಲೋಹದ ಹರಳುಗಳ ನಡುವಿನ ಸಂದಿಗಳಿಗೆ ನುಗ್ಗಿ, ಒಂದಕ್ಕೊಂದು ಹಿಡಿದುಕೊಂಡಿದ್ದ ಹರಳುಗಳ ಕೈ ಬಿಡಿಸುತ್ತದೆ. ಯಾರೋ ಸೀಸ ಬೆರೆತ ಬಣ್ಣದ ಬಳಪದಿಂದ ಬ್ಲೇಡಿನ ಮೇಲೆ ಗೆರೆ ಎಳೆದಿದ್ದಾರೆ. ಹಳೆಯ ಕಾಲದ ಹಳದಿ ಬಳಪಗಳಲ್ಲಿ ಅದು ಇದ್ದೇ ಇರುತ್ತದೆ. ಒರೆಸಿದರೂ ಮೇಲಿನ ಲೇಪದ ಸಣ್ಣ ರಂಧ್ರಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಬಣ್ಣ ಸುಟ್ಟುಹೋಯಿತು, ಗೆರೆ ಬಿರುಕಾಯಿತು.

“ಬಿಸಿ ಜಾಸ್ತಿ ಆಗಿತ್ತಾ?” ಸಂಶಯದಕ್ಕ ಕೇಳಿದಳು. ಅವಳಿಗೆ ಬೇಕಿದ್ದುದು ಇದೊಂದೇ ಉತ್ತರ.

ಡಾಕ್ಟ್ರು ಇನ್ನೊಂದು ಚಿತ್ರ ತೆರೆದಳು. ಬ್ಲೇಡಿನ ಒಡಲು, ಸಾವಿರಾರು ಪಟ್ಟು ದೊಡ್ಡದಾಗಿ. ಪುಟ್ಟ ಪುಟ್ಟ ಚೌಕಗಳು, ಹೆಂಚು ಹಾಸಿದಷ್ಟು ಒಪ್ಪವಾಗಿ. ಬಿಸಿ ಮಿತಿಮೀರಿದ್ದರೆ ಈ ಚೌಕಗಳ ಮೂಲೆ ಕರಗಿ ದುಂಡಗಾಗುತ್ತಿದ್ದವು, ಒಂದರೊಳಗೊಂದು ಸೇರಿ ಕಲಸುಮೇಲೋಗರವಾಗುತ್ತಿದ್ದವು.

“ಮೂಲೆ ನೋಡಿ ಅಕ್ಕ, ಇನ್ನೂ ಚುಚ್ಚೋ ಹಾಗಿದೆ. ನಿಮ್ಮ ಆಪರೇಟರ್ ಬಿಸಿ ಏರಿಸಿಲ್ಲ. ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ.”

*

ಸಾಹೇಬರಿಗೆ ಫೋನು ಮಾಡಿದರೆ ಅವರು ಅರ್ಧ ಕೇಳಿಸಿಕೊಂಡು ಉಸ್ಸೆಂದರು. ಸಂಜೆಯೊಳಗೆ ವರದಿ ಮೇಲಕ್ಕೆ ಹೋಗಬೇಕು, ಮೇಲಿನವರು ಅವರ ಕುತ್ತಿಗೆ ಮೇಲೆ ಕೂತಿದ್ದಾರೆ, ಆಪರೇಟರ್ ತಪ್ಪು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಇವಳ ಸೀಸ, ಚೌಕ, ಕೊಕ್ಕೆ ಯಾರಿಗೆ ಅರ್ಥವಾಗಬೇಕು? ಸೀಸ ಎಂದು ಬರೆದರೆ ಹಚ್ಚಿದವರು ಯಾರೆಂದು ಕೇಳುತ್ತಾರೆ. ಯಾರು?

“ಗೊತ್ತಿಲ್ಲ ಸರ್.”

“ಗೊತ್ತಾದ್ಮೇಲೆ ಫೋನ್ ಮಾಡಿ. ಸಂಜೆಯೊಳಗೆ ಒಬ್ಬ ಮನುಷ್ಯನ್ನ ತೋರಿಸಿ, ಇಲ್ಲಾಂದ್ರೆ ನಾನು ಬರೆದಿಟ್ಟಿರೋದಕ್ಕೇ ಸಹಿ ಹಾಕ್ತೀನಿ.”

ಅವಳು ಹಲ್ಲು ಕಚ್ಚಿ ಫೋನು ಇಟ್ಟಳು. ಬರೆದಿಟ್ಟಾಗಿದೆಯಂತೆ. ಹಾಗಾದರೆ ತಾನು ಇಷ್ಟು ದಿನ ಪ್ರಯೋಗಾಲಯದ ಮೆಟ್ಟಿಲು ಸವೆಸಿದ್ದು ಯಾವ ಸಂಭ್ರಮಕ್ಕೆ?

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಆಪರೇಟರ್‌ನ ಮಾವ ಕೂತಿದ್ದ. ಮಗಳನ್ನು ಕೊಟ್ಟ ಮಾವ. ದಿನಾ ಬಂದು ಅದೇ ಬೆಂಚಿನ ಅದೇ ತುದಿಯಲ್ಲಿ ಕೂರುತ್ತಿದ್ದ. ಅಳಿಯನೆಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೂ ಅವನ ಪರವಾಗಿ ವಾದಿಸುವ ಹೊಣೆ ತನ್ನ ತಲೆಗೇ ಕಟ್ಟಿದೆಯೆಂದು ತಿಳಿದಿದ್ದ. ಆ ವಾದ ಕೇಳಿ ಕೇಳಿ ಇಡೀ ಮಹಡಿಗೆ ಬಾಯಿಪಾಠವಾಗಿತ್ತು.

“ತಾಯಿ, ನಾನು ಇನ್ನೊಂದ್ಸಲ ಹೇಳ್ತೀನಿ. ಬಿಸಿ ಏರಿಸ್ಬೇಕು ಅಂದ್ರೆ ಕುರ್ಚಿ ಬಿಟ್ಟು ಏಳ್ಬೇಕಲ್ವಾ? ನನ್ನ ಅಳಿಯ ಏಳೋ ಜಾತಿನೇ ಅಲ್ಲ. ಅನ್ನ ಬಡಿಸಿದ್ರೂ ತಟ್ಟೆ ಅವನ ಹತ್ರ ನಡ್ಕೊಂಡು ಬರ್ಬೇಕು. ಅಂಥೋನ ಮೇಲೆ ಇಂಥ ಆರೋಪ ಹೊರಿಸಿದ್ರೆ ಯಾರು ನಂಬ್ತಾರೆ?”

ಬೇರೆ ದಿನವಾದರೆ ಅವಳು ಮುಖ ಸಿಂಡರಿಸಿಕೊಂಡು ಹೋಗಿಬಿಡುತ್ತಿದ್ದಳು. ಇವತ್ತು ನಿಂತಳು. ಮಗಳು ಹೇಗಿದ್ದಾಳೆಂದು ಕೇಳಿದಳು. ಮುದುಕ ತಲೆ ತಗ್ಗಿಸಿದ. ಸತ್ತವನ ಮನೆ ಇವರ ಬೀದಿಯಲ್ಲೇ ಇತ್ತಂತೆ. ಮಗಳು ಬಾಗಿಲು ತೆರೆಯುತ್ತಿಲ್ಲ, ನಲ್ಲಿಯ ಹತ್ತಿರ ನೀರಿಗೂ ಹೋಗುತ್ತಿಲ್ಲ, ಕೊಲೆಗಾರನ ಹೆಂಡತಿ ಅಂತಾರಂತೆ. ಗಂಡ ನಿಜವಾಗಿ ತಪ್ಪು ಮಾಡಿದ್ದರೆ ಹೇಗೋ ತಡೆದುಕೊಳ್ಳುತ್ತೇನೆ, ಮಾಡಿದ್ದಾನೋ ಇಲ್ಲವೋ ಅದೊಂದು ಹೇಳಿಬಿಡಿ ಎಂದು ಕೇಳಿಕೊಂಡು ಬಾ ಎಂದು ಅಪ್ಪನನ್ನು ಕಳಿಸುತ್ತಾಳಂತೆ.

ಸಂಶಯದಕ್ಕನಿಗೆ ಕೋಪವನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯಲಿಲ್ಲ. ಅವಳು ತನ್ನ ಕೋಣೆಗೆ ವಾಪಸು ಹೋಗಿ ಠಾಣೆಯ ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದಳು. ಆಪರೇಟರ್ ಬಿಸಿ ಏರಿಸಿಲ್ಲ, ಪ್ರಯೋಗಾಲಯ ಲಿಖಿತವಾಗಿ ಕೊಡುತ್ತದೆ, ಬಿಟ್ಟುಬಿಡಿ ಎಂದಳು. ಸಾಹೇಬರು ಒಪ್ಪಿದ್ದಾರೆಯೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವರು ಒಪ್ಪುತ್ತಾರೆ ಎಂದಳು. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

“ನೋಡಿ ಮೇಡಂ, ಇದು ನಿಮ್ಮ ಮಾತಿನ ಮೇಲೆ. ನಾಳೆ ಹೆಚ್ಚುಕಮ್ಮಿ ಆದ್ರೆ ನಾನು ನಿಮ್ಮ ಹೆಸರೇ ಹೇಳೋದು.”

“ಹೇಳಿ.”

ಮುದುಕನಿಗೆ ಸುದ್ದಿ ಹೇಳಿದಳು. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಠಾಣೆಯಿಂದ ನೇರ ಮನೆಗೆ ಕರೆದುಕೊಂಡು ಹೋಗುತ್ತೇನೆ, ಮಗಳು ಕಣ್ತುಂಬ ನೋಡಲಿ, ಆಮೇಲೆ ತಾನು ಇಷ್ಟು ದಿನ ಕೂಡಿಟ್ಟ ಬೈಗುಳವನ್ನೆಲ್ಲ ಒಟ್ಟಿಗೆ ಬೈಯುತ್ತೇನೆ ಎಂದು ಹೇಳಿ ಮೆಟ್ಟಿಲು ಇಳಿದ.

ಅವಳಿಗೆ ಆವತ್ತಿನ ಮಟ್ಟಿಗೆ ಸಿಕ್ಕ ಸಮಾಧಾನ ಅದೊಂದೇ. ಅದೂ ಕಾರು ಹತ್ತುವಷ್ಟರಲ್ಲಿ ತೆಳುವಾಗತೊಡಗಿತು. ಸಂಜೆಯೊಳಗೆ ಗೆರೆ ಎಳೆದವನನ್ನು ತೋರಿಸದಿದ್ದರೆ ಮುದುಕನ ಅಳಿಯ ಮತ್ತೆ ಒಳಗೆ ಹೋಗುತ್ತಾನೆ. ಈ ಸಲ ಹೋದವನನ್ನು ಹೊರಗೆ ತರಲು ಅವಳ ಮಾತಿಗೂ ಬೆಲೆಯಿರುವುದಿಲ್ಲ.

*

ಒಡೆದ ಟರ್ಬೈನನ್ನು ಕಳೆದ ಬಾರಿ ಬಿಚ್ಚಿ, ಬ್ಲೇಡುಗಳನ್ನು ತೆಗೆದು, ತೊಳೆದು, ಪರೀಕ್ಷಿಸಿ, ಲೇಪ ಹಚ್ಚಿ, ಕೆಟ್ಟದ್ದರ ಬದಲು ಹೊಸದು ಸೇರಿಸಿ ಮತ್ತೆ ಜೋಡಿಸಿದ್ದು ಊರಾಚೆಯ ಒಂದು ರಿಪೇರಿ ವರ್ಕ್‌ಶಾಪ್. ಅಲ್ಲಿ ಬ್ಲೇಡು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅಧಿಕಾರ ಇದ್ದದ್ದು ಒಬ್ಬನೇ ಒಬ್ಬ ಹಿರಿಯ ಪರೀಕ್ಷಕನಿಗೆ. ಮ್ಯಾನೇಜರೂ ಸೇರಿ ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು. ಅವನು ಬ್ಲೇಡು ಹಿಡಿದು ಕೂತಿದ್ದಾಗ ಆ ಕಡೆ ಹಾಯುವವರು ಕೆಮ್ಮುತ್ತಲೂ ಇರಲಿಲ್ಲ.

ಅಂಗಳದ ಕಡೆಗೆ ದೊಡ್ಡ ಗಾಜಿನ ಗೋಡೆಯಿದ್ದ ಪರೀಕ್ಷೆಯ ಕೋಣೆಯಲ್ಲಿ ಅವನು ಬಿಳಿ ಕೈಗವಸು ತೊಟ್ಟು ಕೂತಿದ್ದ. ಏಳಲಿಲ್ಲ. ಕುರ್ಚಿಯನ್ನೂ ತೋರಿಸಲಿಲ್ಲ.

ಗೋಡೆಯ ಮೇಲೆ ದಪ್ಪ ಅಕ್ಷರದ ಫಲಕ: ಪೆನ್ಸಿಲ್, ಬಳಪ, ಸತುವಿನ ಉಪಕರಣ ಒಳಗೆ ತರಬಾರದು. ಅದನ್ನು ಬರೆಸಿದ್ದೇ ತಾನು ಎಂದ ದೊಡ್ಡಪ್ಪ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದಿದ್ದಕ್ಕೆ ಒಬ್ಬ ಫಿಟ್ಟರನ್ನು ಬಾಗಿಲಿಂದಲೇ ಮನೆಗೆ ಕಳಿಸಿದ್ದನಂತೆ. ಅವನು ಈಗಲೂ ಬಡಗಿಯನ್ನು ಕಂಡರೆ ಹೊಟ್ಟೆಕಿಚ್ಚು ಪಡುತ್ತಾನಂತೆ. ಕೋಣೆಯ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಆ ಕಡೆ ನೋಡಿದೊಡನೆ ನಗು ನಿಂತಿತು.

ಅವಳು ಸುತ್ತಿ ಬಳಸದೆ, ಬ್ಲೇಡು ಸೀಳಿದ್ದು ಬಳಪದ ಸೀಸದಿಂದ ಎಂದು ಹೇಳಿದಳು.

“ಸಾಧ್ಯ ಇಲ್ಲ,” ಎಂದ ದೊಡ್ಡಪ್ಪ. “ಇಲ್ಲಿ ಬ್ಲೇಡನ್ನ ಬರಿಗೈಯಲ್ಲಿ ಮುಟ್ಟೋದಕ್ಕೂ ಬಿಡಲ್ಲ. ಬಳಪ ಅಂತೆ. ನಿಮ್ಮ ಪವರ್‌ಹೌಸಲ್ಲಿ ಯಾರಾದ್ರೂ ಹಚ್ಚಿರ್ತಾರೆ, ಅಲ್ಲಿ ವಿಚಾರಿಸಿ.”

“ಪವರ್‌ಹೌಸಲ್ಲಿ ಬ್ಲೇಡು ಯಾರ ಕಣ್ಣಿಗೂ ಬೀಳಲ್ಲ. ಮುಚ್ಚಿದ ಯಂತ್ರ. ಮುಚ್ಚಿದ್ದು ನೀವು.”

“ಹಾಗಾದ್ರೆ ನಿಮ್ಮ ಪರೀಕ್ಷೆ ತಪ್ಪು.”

ಇದೇ ಮಾತನ್ನು ಅವಳು ದಿನಗಟ್ಟಲೆ ಬೇರೆ ಬೇರೆ ಬಾಯಿಗಳಿಂದ ಕೇಳುತ್ತ ಬಂದಿದ್ದಳು. ನಮ್ಮಲ್ಲಿ ಅಲ್ಲ, ಅಲ್ಲಿ ಕೇಳಿ. ಅಲ್ಲಿ ಹೋದರೆ, ಇಲ್ಲಲ್ಲ, ಅಲ್ಲಿ. ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬರು ಕೈ ತೊಳೆದುಕೊಂಡು ಟವೆಲು ಮಾತ್ರ ಅವಳಿಗೆ ಕೊಟ್ಟು ಕಳಿಸಿದ್ದರು. ಅವಳು ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲೆ ತುಸು ಜೋರಾಗಿಯೇ ಇಟ್ಟಳು. ಕತ್ತಲಲ್ಲಿ ಹೊಳೆಯುವ ಮೂರು ಹಸಿರು ಕೊಕ್ಕೆಗಳು.

ದೊಡ್ಡಪ್ಪ ಕನ್ನಡಕ ಸರಿಪಡಿಸಿಕೊಂಡ. ನೋಡಿದ. ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನೋಡಿದ. ಅವನ ಬಲಗೈಯ ತೋರುಬೆರಳು ತಾನಾಗಿಯೇ ಮೇಜಿನ ಮೇಲೆ ಚಲಿಸಿತು: ಗಿಡ್ಡ ಎಳೆತ, ದುಂಡು ತಿರುವು, ಉದ್ದ ಬಾಲ.

“ಇದು ನನ್ನ ಕೈ,” ಎಂದ.

ಅಷ್ಟು ಸುಲಭವಾಗಿ ಒಪ್ಪುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಸಾಹೇಬರಿಗೆ ಬೇಕಾಗಿದ್ದ ಮನುಷ್ಯ. ಮುದುಕನ ಮಗಳಿಗೆ ಬೇಕಾಗಿದ್ದ ಉತ್ತರ. ಫೋನಿಗಾಗಿ ಅವಳ ಕೈ ಚೀಲದೊಳಕ್ಕೆ ಹೋಗಿಯೂ ಬಿಟ್ಟಿತ್ತು.

“ಹಾಗಾದ್ರೆ ನೀವು ಪಾಸು ಮಾಡಿದ ಬ್ಲೇಡಿಗೆ ಗುರುತು ಹಾಕಿದ್ದು…”

“ಏನಮ್ಮ, ಪಾಸು ಮಾಡಿದ್ದಕ್ಕೆ ನಾನ್ಯಾಕೆ ಗುರುತು ಹಾಕಲಿ?”

ಅವಳ ಕೈ ಚೀಲದಲ್ಲೇ ನಿಂತಿತು.

ದೊಡ್ಡಪ್ಪ ಮೊದಲ ಬಾರಿಗೆ ಎದ್ದುನಿಂತ. ಅವನ ಸ್ವರದಲ್ಲಿ ಈಗ ಗತ್ತಿರಲಿಲ್ಲ, ಗಾಬರಿಯಿತ್ತು. ಒಳ್ಳೆಯ ಬ್ಲೇಡನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದೆಂಬುದು ಈ ವರ್ಕ್‌ಶಾಪಿನ ಪದ್ಧತಿ. ಅದನ್ನು ಮಾಡಿದವನೂ ತಾನೇ. ಪಾಸಾದದ್ದು ಏನೂ ಗುರುತಿಲ್ಲದೆ ತನ್ನ ತಟ್ಟೆಯಲ್ಲಿ ಮುಂದೆ ಸಾಗುತ್ತದೆ. ಗುರುತು ಬೀಳುವುದು ಕೆಟ್ಟದ್ದಕ್ಕೆ ಮಾತ್ರ. ಗೋಡೆ ತೆಳುವಾದದ್ದು, ಆಯುಸ್ಸು ಮುಗಿದದ್ದು, ಇನ್ನು ಯಾವ ಯಂತ್ರಕ್ಕೂ ಹಾಕಬಾರದ್ದು. ಅಂಥದಕ್ಕೆ ಒಂದೇ ಎಳೆತದ ಕೊಕ್ಕೆ ಎಳೆದು ಕೆಂಪು ಪೆಟ್ಟಿಗೆಗೆ ಎಸೆಯುವುದು.

“ಬಳಪ ಒಳಗೇ ಬರಲ್ಲ ಅಂದ್ರಲ್ಲ ದೊಡ್ಡಪ್ಪ.”

“ಒಳಗೆ ಬರಲ್ಲ. ಕೆಂಪು ಪೆಟ್ಟಿಗೆ ಇರೋದು ಹೊರಗೆ, ಶೆಡ್ಡಲ್ಲಿ. ಬಳಪನೂ ಅಲ್ಲೇ, ದಾರ ಕಟ್ಟಿ ನೇತುಹಾಕಿದೀನಿ. ಗುಜರಿಗೆ ಹೋಗೋ ಬ್ಲೇಡಿಗೆ ಯಾವ ಬಣ್ಣ ಹಚ್ಚಿದ್ರೆ ಏನು?”

ಸಂಶಯದಕ್ಕ ಕುರ್ಚಿ ಎಳೆದುಕೊಂಡು ತಾನೇ ಕೂತಳು.

ತಾನು ಬೆಳಗಿನಿಂದ ಕಟ್ಟಿದ್ದೆಲ್ಲ ಒಂದೇ ಮಾತಿಗೆ ಕುಸಿದಿತ್ತು. ಇಲಾಖೆಯಲ್ಲಿ ಸರಿಯಿದ್ದದ್ದಕ್ಕೆಲ್ಲ ಗುರುತು ಹಾಕುತ್ತಾರೆ, ಆದ್ದರಿಂದ ಲೋಕವೆಲ್ಲ ಹಾಗೆಯೇ ಎಂದುಕೊಂಡಿದ್ದಳು. ಯಾರೋ ಪರೀಕ್ಷಕ ಅಜಾಗರೂಕತೆಯಿಂದ ತಪ್ಪು ಬಳಪ ಹಿಡಿದ, ಪಾಪ, ಎಂದು ಮನಸ್ಸಿನಲ್ಲೇ ವರದಿಯನ್ನೂ ಬರೆದುಬಿಟ್ಟಿದ್ದಳು. ಇದು ಅಜಾಗರೂಕತೆಯಲ್ಲ. ಬೇಡವೆಂದು ಎಸೆದ ಬ್ಲೇಡುಗಳನ್ನು ಯಾರೋ ಪೆಟ್ಟಿಗೆಯಿಂದ ತೆಗೆದಿದ್ದಾರೆ. ಹಳದಿ ಬಣ್ಣ ಹೋಗುವ ಹಾಗೆ ಉಜ್ಜಿ ತೊಳೆದಿದ್ದಾರೆ. ಹೊಸದರ ಜಾಗದಲ್ಲಿ ಅವು ಯಂತ್ರದೊಳಗೆ ಕೂತಿವೆ.

ಹಾಗಾದರೆ ಹೊಸವು ಎಲ್ಲಿ ಹೋದವು?

“ಪೆಟ್ಟಿಗೆಗೆ ಬಿದ್ದದ್ದು ಏನಾಗುತ್ತೆ?” ಅವಳು ಕೇಳಿದಳು.

“ಕೊಯ್ತಾರೆ. ಒಂದೊಂದನ್ನೂ ನಡುವಿಗೆ ಎರಡು ತುಂಡು. ಮತ್ತೆ ಯಾರೂ ಉಪಯೋಗಿಸಬಾರದಲ್ಲ.”

“ನೀವು ನಿಂತು ನೋಡ್ತೀರಾ?”

ದೊಡ್ಡಪ್ಪ ಕೈಗವಸು ಕಳಚಿ, ಬೆರಳು ಬೆರಳಿಗೂ ನೀವಿ, ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. ಅವಳು ಮತ್ತೆ ಕೇಳಿದಳು. ಮೂಲೆಯಲ್ಲಿದ್ದ ಕೆಲಸದವರನ್ನು ಅವನು ಕಣ್ಣಲ್ಲೇ ಹೊರಗೆ ಕಳಿಸಿದ.

“ನನಗೆ ಆ ಸದ್ದು ಆಗಲ್ಲಮ್ಮ,” ಎಂದ ಕೊನೆಗೆ, ಸ್ವರ ತಗ್ಗಿಸಿ. “ಕೆಲವು ಬ್ಲೇಡು ನಮ್ಮಲ್ಲಿಗೆ ನಾಲ್ಕೈದು ಸಲ ಬಂದಿರ್ತವೆ. ಒಂದೊಂದರ ಗಾಯ ಎಲ್ಲಿದೆ ಅಂತ ನನಗೆ ನೆನಪಿರುತ್ತೆ. ನಾನೇ ಬೇಡ ಅಂತೀನಿ, ಸರಿ. ಆದ್ರೆ ಕೊಯ್ಯೋವಾಗ ಅದು ಕಿರುಚುತ್ತಲ್ಲ, ಕೇಳೋಕಾಗಲ್ಲ. ಕೀಲಿ ಕೊಟ್ಟು ಹೊರಗೆ ಚಹಾ ಕುಡಿಯೋಕೆ ಹೋಗ್ತೀನಿ. ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ.”

ಎಷ್ಟು ಜನರನ್ನು ಬಾಗಿಲಿಂದ ವಾಪಸು ಕಳಿಸಿದ ಮನುಷ್ಯ. ಅವಳಿಗೆ ಬೈಯಬೇಕೆನಿಸಿತು. ಬೈಗುಳ ನಾಲಗೆಗೆ ಬಂದೂ ಬಂದಿತ್ತು. ಮೇಜಿನ ಮೇಲೆ ಅವನು ಜೋಡಿಸಿಟ್ಟ ಕೈಗವಸುಗಳನ್ನು ನೋಡಿ ನುಂಗಿಕೊಂಡಳು.

“ಕೀಲಿ ಯಾರಿಗೆ ಕೊಡ್ತೀರಿ?”

ಕೊಯ್ಯುವಾಗ ಬ್ಲೇಡಿನ ಒಡೆಯರ ಕಡೆಯಿಂದ ಒಬ್ಬರು ಎದುರಿಗೆ ನಿಲ್ಲಬೇಕೆಂಬ ನಿಯಮವಿತ್ತು. ಒಡೆಯರೆಂದರೆ ಪವರ್‌ಹೌಸಿನವರು. ಯಾರಿಗೆ ಪಾಳಿ ಇಲ್ಲವೋ ಅವರನ್ನು ಕಳಿಸುತ್ತಿದ್ದರು. ಆದರೆ ಇತ್ತೀಚೆಗೆ ಪ್ರತಿ ಸಲವೂ ಒಬ್ಬನೇ ಬರುತ್ತಿದ್ದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ‘ನೀವು ಹೋಗಿ ದೊಡ್ಡಪ್ಪ, ನಾನು ನೋಡ್ಕೋತೀನಿ’ ಎನ್ನುತ್ತಿದ್ದ. ಕೀಲಿ ಇಸಿದುಕೊಳ್ಳುತ್ತಿದ್ದ. ಹೊಸ ಬ್ಲೇಡುಗಳ ಕಪಾಟಿನ ಕೀಲಿಯೂ ಅದೇ ಗೊಂಚಲಿನಲ್ಲಿತ್ತು. ತಾನು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು, ಪೆಟ್ಟಿಗೆ ಖಾಲಿಯಿರುತ್ತಿತ್ತು. ತುಂಡುಗಳನ್ನು ಎಣಿಸಿದ್ದೀರಾ ಎಂದು ಅವಳು ಕೇಳಲಿಲ್ಲ. ಕೇಳಬೇಕಾದ ಅಗತ್ಯವಿರಲಿಲ್ಲ.

“ಅವನ ಹೆಸರು?”

“ಕೇಳಿಲ್ಲ. ಪವರ್‌ಹೌಸಿನವನು ಅಂತೀವಿ, ಅಷ್ಟೇ. ನಿಮ್ಮೋರು ಕಳಿಸಿದೋರ ಹೆಸರು ನಾನ್ಯಾಕೆ ಕೇಳಲಿ?”

ನೋಡಿದರೆ ಗುರುತು ಹಿಡಿಯುತ್ತೀರಾ ಎಂದು ಕೇಳಿದಳು. ಕತ್ತಲಲ್ಲಿ ನಿಲ್ಲಿಸಿದರೂ ಹಿಡಿಯುತ್ತೇನೆ ಎಂದ. ಹಾಗಾದರೆ ಈಗಲೇ ಪವರ್‌ಹೌಸಿಗೆ ಹೋಗೋಣ, ಎಲ್ಲ ಪಾಳಿಯವರನ್ನೂ ಸಾಲಾಗಿ ನಿಲ್ಲಿಸುತ್ತೇನೆ, ಏಳಿ ಎಂದಳು. ಸಂಜೆಗೆ ಇನ್ನೂ ಹೊತ್ತಿತ್ತು. ಸಾಹೇಬರು ಸಹಿ ಹಾಕುವಷ್ಟರಲ್ಲಿ ಅವರ ಮೇಜಿನ ಮುಂದೆ ನಿಜವಾದ ಕಳ್ಳನನ್ನು ತಂದು ನಿಲ್ಲಿಸಬಹುದಿತ್ತು. ದೊಡ್ಡಪ್ಪ ಕೋಟು ತೆಗೆದುಕೊಳ್ಳಲು ಗಾಜಿನ ಗೋಡೆಯ ಕಡೆ ತಿರುಗಿದ. ಗೂಟದ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು.

“ನೂರು ವರ್ಷ ಆಯುಸ್ಸು ನೋಡಿ ಅವನಿಗೆ,” ಎಂದ. “ಅದೋ, ಅವನೇ ಬರ್ತಿದಾನೆ.”

ಸಂಶಯದಕ್ಕ ಎದ್ದು ಅವನ ಪಕ್ಕಕ್ಕೆ ಬಂದಳು.

ಅಂಗಳದಾಚೆ, ಶೆಡ್ಡಿನ ಪಕ್ಕದ ಕಿರುಗೇಟಿನ ಹೊರಗೆ, ಠಾಣೆಯಲ್ಲಿ ಮುದುಡಿದ ಅಂಗಿಯಲ್ಲೇ ಆಪರೇಟರ್ ನಿಂತಿದ್ದ. ಕರೆದೊಯ್ಯಲು ಹೋಗಿದ್ದ ಮಾವ ಜೊತೆಯಲ್ಲಿರಲಿಲ್ಲ.

ಅವನನ್ನು ಅವಳು ಎಷ್ಟು ಬಾರಿ ಎದುರಿಗೆ ಕೂರಿಸಿಕೊಂಡು ಪ್ರಶ್ನಿಸಿದ್ದಳು. ಬಿಸಿಯ ಬಗ್ಗೆ, ಗುಂಡಿಗಳ ಬಗ್ಗೆ, ಆ ಪಾಳಿಯ ಬಗ್ಗೆ. ಈ ವರ್ಕ್‌ಶಾಪಿಗೆ ನೀನು ಎಂದಾದರೂ ಹೋಗಿದ್ದೀಯಾ ಎಂದು ಒಂದು ಸಲವೂ ಕೇಳಿರಲಿಲ್ಲ.

ಆಪರೇಟರ್ ಯಾರನ್ನೂ ಕರೆಯಲಿಲ್ಲ. ಆ ಕಡೆ ಈ ಕಡೆಯೂ ನೋಡಲಿಲ್ಲ. ಗೇಟಿನ ಸರಳುಗಳ ನಡುವೆ ಕೈ ತೂರಿಸಿ, ಒಳಗಿನ ಚಿಲಕವನ್ನು ನೋಡದೆಯೇ ಎತ್ತಿ, ಕೆಂಪು ಪೆಟ್ಟಿಗೆಯಿದ್ದ ಶೆಡ್ಡಿನತ್ತ ನಡೆಯತೊಡಗಿದ.